ಮಾಂಸವಲ್ಲ, ಸ್ಟೇಕು

ವಸ್ತುವಿಗಿಂತ ಅದರ ನಾಮವೇ ದೊಡ್ಡದು, ನಾಮದ ಬಲದಿಂದಲೇ ಈ ಜಗತ್ತು ನಿಂತಿದೆ ಎಂದು ನಮ್ಮ ಹಿರಿಯರು ಬಹುಕಾಲದಿಂದ ಹೇಳಿಕೊಂಡು ಬಂದಿದ್ದಾರೆ. ಆ ನಾಮ ಇಂಗ್ಲಿಷಿನಲ್ಲಿದ್ದರೆ ಜೀರ್ಣವೂ ಸಲೀಸಾಗಿ ಆಗುತ್ತದೆ ಎಂಬುದನ್ನು ಮಾತ್ರ ಹೇಳದೆ ಬಿಟ್ಟರು. ಪಾಪ, ಅವರ ಕಾಲದಲ್ಲಿ ಇಂದಿರಾನಗರ ಇರಲಿಲ್ಲ.

ನಾನು ಹುಟ್ಟಿದ್ದು, ಬೆಳೆದದ್ದು, ಈಗ ನಿವೃತ್ತನಾಗಿ ಹೆಂಡತಿಯ ಕಣ್ಣಳತೆಯಲ್ಲಿ ಕಾಲಯಾಪನೆ ಮಾಡುತ್ತಿರುವುದು ಎಲ್ಲವೂ ಹಲಸೂರಿನ ಒಂದೇ ಗಲ್ಲಿಯಲ್ಲಿ. ಅಪ್ಪನ ಕಾಲದಲ್ಲೇ ನಮ್ಮ ಮನೆಯವರು ದೀಕ್ಷೆ ತೆಗೆದುಕೊಂಡು ಬೌದ್ಧರಾದರು. ಗೋಡೆಯ ಮೇಲಿನ ದೇವರುಗಳೆಲ್ಲ ಕೆಳಗಿಳಿದು ಒಬ್ಬ ಬುದ್ಧ ಮೇಲೇರಿದ. ಭಾನುವಾರದ ಅಡುಗೆ ಮಾತ್ರ ಯಾವ ದೀಕ್ಷೆಗೂ ಜಗ್ಗದೆ ಒಲೆಯ ಮೇಲೆಯೇ ಉಳಿಯಿತು. ಆ ಅಡುಗೆಗೆ ನಮ್ಮಲ್ಲಿ ಹೆಸರಿರಲಿಲ್ಲ. ಕುರಿಗೆ ಮಟನ್ ಎಂದೂ ಕೋಳಿಗೆ ಚಿಕನ್ ಎಂದೂ ಸತ್ತ ಮೇಲೆ ದೊರೆಯುವ ಬಿರುದುಗಳಿದ್ದವು; ಇದಕ್ಕಿದ್ದದ್ದು ಬರೀ ಒಂದು ಸರ್ವನಾಮ, 'ಅದು'. ಅದು ತಂದ್ರಾ, ಅದು ಬೆಂತಾ, ಕಿಟಕಿ ಹಾಕು ಅದು ಬೇಯ್ತಿದೆ. ವೇದಾಂತಿಗಳು ಪರಬ್ರಹ್ಮವನ್ನೂ ಹೀಗೆಯೇ 'ಅದು' ಎಂದು ಕರೆಯುತ್ತಾರೆ, ಹೆಸರಿಗೆ ಸಿಕ್ಕದ್ದನ್ನು ಹಾಗೆ ಕರೆಯುವುದೇ ಕ್ರಮ ಎಂದು ಕಾರ್ಖಾನೆಯ ಮೇಷ್ಟ್ರಂಥ ಸಹೋದ್ಯೋಗಿಯೊಬ್ಬರು ನನಗೆ ತಿಳಿಸಿಕೊಟ್ಟದ್ದು ತೀರ ತಡವಾಗಿ. ಅಷ್ಟು ವರ್ಷ ನಾವು ಪರಬ್ರಹ್ಮಕ್ಕೆ ಈರುಳ್ಳಿ ಹೆಚ್ಚಿಕೊಂಡು ಕುಳಿತಿದ್ದೆವೆಂಬ ಅರಿವಿಲ್ಲದೆ, ಸುಮ್ಮನೆ ಕಿಟಕಿ ಮುಚ್ಚಿಕೊಂಡಿದ್ದೆವು.

ಕಾರ್ಖಾನೆಯೆಂದರೆ ವಿಮಾನಪುರದ್ದು. ಅಲ್ಲಿ ನನ್ನ ಕೆಲಸ ಬೇರೆಯವರು ಮಾಡಿದ್ದನ್ನು ಅಳೆದು ಸರಿಯಿಲ್ಲವೆನ್ನುವುದು. ಇಷ್ಟು ಸುಖದ ಉದ್ಯೋಗ ಸಾಹಿತ್ಯ ವಿಮರ್ಶಕರಿಗೆ ಬಿಟ್ಟರೆ ಬೇರೆ ಯಾರಿಗೂ ಸಿಕ್ಕಿರಲಾರದು. ಹಾಗೆ ನಾನು ಮೊದಲು ಸರಿಯಿಲ್ಲವೆಂದು ತಳ್ಳಿದ ತುಣುಕು ಮುನಿಕೃಷ್ಣನ ಲೇತಿನಿಂದ ಬಂದದ್ದು. ಅವನು ಜಗಳಕ್ಕೆ ಬಂದ, ಜಗಳ ಟೀ ಕುಡಿಯುವವರೆಗೆ ನಡೆಯಿತು, ಅಂದಿನಿಂದ ನಾವು ಸ್ನೇಹಿತರು. ಗರುಡಾಚಾರ್‌ಪಾಳ್ಯದ ಹಳೆಯ ಒಕ್ಕಲು ಮನೆತನ ಅವನದು. ಅಜ್ಜ ರಾಗಿ ಬಿತ್ತಿದ ಹೊಲದಲ್ಲಿ ಈಗ ಗಾಜಿನ ಕಟ್ಟಡ ಎದ್ದಿದೆ. ಮಳೆ ಬರಲಿ ಬಿಡಲಿ ಬಾಡಿಗೆಯ ಕೊಯ್ಲು ತಪ್ಪುವುದಿಲ್ಲ. ಇಷ್ಟಾದರೂ ಅವನಿಗೆ ಗರ್ವ ಬಂದಿಲ್ಲ. ಮೊದಲಿನಿಂದ ಇದ್ದದ್ದು ಹೊಸದಾಗಿ ಬರುವುದಾದರೂ ಹೇಗೆ?

ಊಟದ ಬಿಡುವಿನಲ್ಲಿ ನಾವಿಬ್ಬರೂ ಒಂದೇ ಬೆಂಚಿನ ಮೇಲೆ ಕೂತು ಡಬ್ಬಿ ಬಿಚ್ಚುತ್ತಿದ್ದೆವು. ಅವನ ಡಬ್ಬಿಯಿಂದ ನನ್ನ ಡಬ್ಬಿಗೆ ಉಪ್ಪಿನಕಾಯಿ, ಹುರುಳಿ ಚಟ್ನಿ, ಹಬ್ಬದ ಮರುದಿನ ಒಬ್ಬಟ್ಟು, ಎಲ್ಲವೂ ಧಾರಾಳವಾಗಿ ಬರುತ್ತಿದ್ದವು. ನನ್ನ ಡಬ್ಬಿಯಿಂದ ಅತ್ತ ಒಂದು ಹುಣಸೆ ಬೀಜವೂ ಹೋಗಲಿಲ್ಲ. ಇಂದಿರಾನಗರದ ರಸ್ತೆಗಳಿಗೆಲ್ಲ ಏಕಮುಖ ಸಂಚಾರದ ಫಲಕ ಬೀಳುವ ಎಷ್ಟೋ ಮೊದಲೇ ನಾವು ಅದನ್ನು ಒಂದು ಬೆಂಚಿನ ಮೇಲೆ ಜಾರಿಗೆ ತಂದಿದ್ದೆವು. ಅವನು ನಮ್ಮ ಮನೆಗೆ ಬಂದರೂ ಅದೇ ನಿಯಮ. ಸೋಮವಾರ ಶಿವನದು, ಶನಿವಾರ ವೆಂಕಟರಮಣನದು, ಶ್ರಾವಣ ಇಡೀ ತಿಂಗಳಿನದು, ಪಿತೃಪಕ್ಷ ಅಪ್ಪನದು. ಯಾವ ದೇವರೂ ಪಿತೃವೂ ಹಕ್ಕು ಸಾಧಿಸದ ದಿನಗಳಲ್ಲಿ ಅವನು 'ಈಗ್ತಾನೆ ಉಂಡ್ಕಂಡ್ ಬಂದೆ ಗುರು'. ಅವನು ನಮ್ಮ ಮನೆಯಲ್ಲಿ ಸ್ವೀಕರಿಸುತ್ತಿದ್ದ ಪದಾರ್ಥ ಒಂದೇ, ಬಾಳೆಹಣ್ಣು. ಪ್ರಕೃತಿಯೇ ಸಿಪ್ಪೆ ಹೊದಿಸಿ ಮೊಹರು ಮಾಡಿ ಕಳಿಸಿದ ಫಲವದು. ಯಾರ ಮನೆಯಲ್ಲಿದ್ದರೂ ಒಳಗಿನ ತಿರುಳಿಗೆ ಜಾತಿ ತಗುಲುವುದಿಲ್ಲ. ಅವನು ಬರುತ್ತಾನೆಂದರೆ ನನ್ನ ಹೆಂಡತಿ ರತ್ನ ಒಂದು ಮಾತೂ ಆಡದೆ ಚಿಪ್ಪು ಬಾಳೆಹಣ್ಣು ತಂದು ಮೇಜಿನ ಮೇಲೆ ಇಡುತ್ತಿದ್ದಳು. ಆಡದ ಆ ಮಾತುಗಳ ರಾಶಿ ಹಣ್ಣಿಗಿಂತ ಬೇಗ ಮಾಗುತ್ತಿತ್ತು.

ಹೀಗಿರಲು ಒಂದು ಬೆಳಗ್ಗೆ ಮುನಿಕೃಷ್ಣ ಗರುಡಾಚಾರ್‌ಪಾಳ್ಯದಲ್ಲಿ ಮೆಟ್ರೋ ಹತ್ತಿ ಹಲಸೂರಿನಲ್ಲಿಳಿದು, ಜ್ಞಾನೋದಯವಾದವನ ಮುಖ ಹೊತ್ತು ನಮ್ಮ ಮನೆಗೆ ಬಂದ. ಅವನ ಮಗ ಅವನನ್ನು ಇಂದಿರಾನಗರದ ಒಂದು ಹೋಟೆಲಿಗೆ ಕರೆದುಕೊಂಡು ಹೋಗಿದ್ದನಂತೆ. ಕತ್ತಲಂತೆ, ಮೇಣದ ಬತ್ತಿಯಂತೆ, ತಟ್ಟೆಯ ಬದಲು ಕರೀ ಕಲ್ಲಂತೆ. ಕಲ್ಲಿನ ಮೇಲೆ ಮಿರಮಿರ ಮಿಂಚುವ ತುಂಡುಗಳು, ಮೇಲೆ ಉದುರಿಸಿದ ಎಳ್ಳು, ಪಕ್ಕದಲ್ಲಿ ನಾಲ್ಕು ಹುರುಳಿಕಾಯಿ. ಏಷ್ಯನ್ ಸ್ಟೈಲಂತೆ. ನಮ್ಮವನು ಕಾರ್ಖಾನೆಯಲ್ಲಿ ಕಬ್ಬಿಣವನ್ನೂ ಇಷ್ಟು ಪ್ರೀತಿಯಿಂದ ವರ್ಣಿಸಿದ್ದಿಲ್ಲ. ಕೇಳುತ್ತ ಕೇಳುತ್ತ ನನಗೆ ಅನುಮಾನ ಹುಟ್ಟಿತು. ಹುಟ್ಟಿದ್ದನ್ನು ನಾನು ಸ್ನೇಹಧರ್ಮಕ್ಕೆ ಕಟ್ಟುಬಿದ್ದು ನುಂಗಿಕೊಂಡೆ. ಅಡುಗೆಮನೆಯಲ್ಲಿದ್ದ ರತ್ನ ನುಂಗಿಕೊಳ್ಳಲಿಲ್ಲ. ಕೈ ಒರೆಸಿಕೊಂಡು ಹೊರಗೆ ಬಂದಳು.

"ಯಾವ ಮಾಂಸ ಅಣ್ಣ ಅದು?"

ಮುನಿಕೃಷ್ಣ ಅವಳ ಅಜ್ಞಾನಕ್ಕೆ ಮರುಗಿದ.

"ಮಾಂಸ ಅಲ್ಲಮ್ಮ. ಸ್ಟೇಕು."

ಈ ವಾಕ್ಯವನ್ನು ಅಮೃತಶಿಲೆಯ ಮೇಲೆ ಕೆತ್ತಿಸಿ ಹಂಡ್ರೆಡ್ ಫೀಟ್ ರೋಡಿನ ಎರಡೂ ತುದಿಗಳಲ್ಲಿ ನಿಲ್ಲಿಸಬೇಕೆಂದು ನನ್ನ ಅಭಿಪ್ರಾಯ. ಶಿವಾಜಿನಗರದ ಮಾಂಸದಂಗಡಿಯಲ್ಲಿ ತೂಗುವಾಗ 'ಬಡೇ ಕಾ', ನಮ್ಮ ಒಲೆಯ ಮೇಲೆ 'ಅದು', ಅಲ್ಲಿಂದ ಎರಡು ಮೈಲಿ ಪೂರ್ವಕ್ಕೆ ಹೋಗಿ ಕಲ್ಲಿನ ಮೇಲೆ ಮಲಗಿದ ಕೂಡಲೇ 'ಸ್ಟೇಕು'. ಗೋಹತ್ಯೆ ನಿಷೇಧದ ಕಾನೂನು ಬಂದ ಮೇಲೆ ಇಲ್ಲೂ ಅಲ್ಲೂ ಸಿಗುವುದು ಎಮ್ಮೆಯೇ. ಜನ್ಮದಲ್ಲಿ ವಿಭೂತಿ ಕಾಣದ ಎಮ್ಮೆಗೆ ಎರಡು ಮೈಲಿಯಲ್ಲಿ ಮೋಕ್ಷ. ಜಾತಿ ಹೋಗಲಾಡಿಸುವುದು ಹೇಗೆಂದು ಸಭೆ ಸೇರಿ ತಲೆ ಕೆಡಿಸಿಕೊಳ್ಳುವವರೆಲ್ಲ ಸ್ವಲ್ಪ ಎಳ್ಳು ಉದುರಿಸಿ ನೋಡಬಹುದಿತ್ತು.

ರತ್ನ ನಗಲಿಲ್ಲ. ನಮ್ಮ ಮನೆಯಲ್ಲೂ ಭಾನುವಾರ ಸ್ಟೇಕೇ ಮಾಡುವುದೆಂದೂ, ಬರುವ ಭಾನುವಾರ ಸಂಜೆ ಊಟಕ್ಕೆ ಬರಬೇಕೆಂದೂ ಹೇಳಿದಳು. ಮುನಿಕೃಷ್ಣ ಗಾಬರಿಯಿಂದ ಮನಸ್ಸಿನಲ್ಲೇ ಪಂಚಾಂಗ ತಿರುವಿದ್ದು ನನಗೆ ಕಾಣಿಸಿತು. ಭಾನುವಾರಕ್ಕೆ ಅವನು ಯಾವ ದೇವರನ್ನೂ ನೇಮಿಸಿಕೊಂಡಿರಲಿಲ್ಲ. ಬಂದೇನೆಂದ. ಅವನು ಹೋದ ಮೇಲೆ ರತ್ನ ಮೇಜಿನ ಮೇಲಿದ್ದ ಬಾಳೆಹಣ್ಣಿನ ಸಿಪ್ಪೆ ತೆಗೆಯುತ್ತ ನನಗೆ ಕೊಟ್ಟ ತೀರ್ಪು ಚಿಕ್ಕದು. ಈ ಸಲ ಆತ ನಮ್ಮ ತಟ್ಟೆಯಲ್ಲಿ ಉಂಡರೆ ಸರಿ. ಇಲ್ಲದಿದ್ದರೆ ನನ್ನ ಸ್ನೇಹವನ್ನು ನಾನು ಮೆಟ್ರೋ ಸ್ಟೇಷನ್ನಿನ ಕೆಳಗೆ ಟೀ ಅಂಗಡಿಯಲ್ಲಿ ಇಟ್ಟುಕೊಳ್ಳಬೇಕು. ಈ ಹೊಸ್ತಿಲೊಳಗೆ ತರಕೂಡದು. ಮೂವತ್ತು ಚಿಲ್ಲರೆ ವರ್ಷದ ಸ್ನೇಹ ಹೀಗೆ ಒಂದು ಎಮ್ಮೆಯ ಮೇಲೆ ಬಂದು ಕೂತಿತು.

ಅಡುಗೆ ನನ್ನದೇ ಆಗಬೇಕೆಂದೂ ಅವಳೇ ವಿಧಿಸಿದಳು. ಸ್ನೇಹಿತ ನಿಮ್ಮವನಲ್ಲವೇ ಎಂಬುದು ಅವಳ ತರ್ಕ. ಕಲ್ಯಾಣ ನಗರದಲ್ಲಿರುವ ಮಗಳಿಗೆ ಫೋನು ಮಾಡಿದೆ. ಅವಳು ಬಹಳ ನಕ್ಕು, ಆಮೇಲೆ ಒಂದು ವಿಡಿಯೋ ಕಳಿಸಿದಳು. ತರಕಾರಿ ಸಮೇತ ಇಪ್ಪತ್ತೇ ನಿಮಿಷದ ಏಷ್ಯನ್ ಸ್ಟೇಕ್ ಎಂದು ಅದರ ಹೆಸರು. ಈ ಇಪ್ಪತ್ತು ನಿಮಿಷದ ಬಗ್ಗೆ ಓದುಗರಲ್ಲಿ ಒಂದು ಮಾತು ಅರಿಕೆ ಮಾಡಿಕೊಳ್ಳಬೇಕು. ವಿಡಿಯೋದಲ್ಲಿರುವ ಗಡ್ಡದ ಯುವಕನಿಗೆ ಶುಂಠಿ ತಾನಾಗಿಯೇ ಹೆಚ್ಚಿಕೊಂಡು ಬಟ್ಟಲಲ್ಲಿ ಬಂದು ಕೂರುತ್ತದೆ, ಬೆಳ್ಳುಳ್ಳಿ ವಸ್ತ್ರ ಕಳಚಿ ಸಿದ್ಧವಾಗಿರುತ್ತದೆ, ಪಾತ್ರೆಗಳು ತೊಳೆದುಕೊಂಡೇ ಹುಟ್ಟುತ್ತವೆ. ಮಸಾಲೆಯಲ್ಲಿ ಮಾಂಸ ನೆನೆಯುವ ಹೊತ್ತನ್ನು ಅವನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಅದು ಮಾಂಸದ ಸ್ವಂತ ಸಮಯ. ಬೆಂದ ಮೇಲೆ ಮಾಂಸಕ್ಕೆ ಐದು ನಿಮಿಷ ವಿಶ್ರಾಂತಿ ಕೊಡಬೇಕೆಂದು ಬಹಳ ಮೃದುವಾಗಿ ಹೇಳುತ್ತಾನೆ. ನಿವೃತ್ತನಾದ ನನಗೇ ಈ ಮನೆಯಲ್ಲಿ ದೊರಕದ ಸೌಲಭ್ಯ.

ಇನ್ನು ಏಷ್ಯಾ. ಶುಂಠಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಎಳ್ಳೆಣ್ಣೆ, ನಿಂಬೆಹಣ್ಣು, ಒಂದು ತುಣುಕು ಬೆಲ್ಲ. ಇವನ್ನು ಕಲಸಿದರೆ ಏಷ್ಯಾ ಆಗುತ್ತದೆಂದು ಯುವಕ ಘೋಷಿಸಿದಾಗ ನಾನು ಒಮ್ಮೆ ಎದ್ದು ಹೋಗಿ ನಮ್ಮ ಅಡುಗೆಮನೆ ಅಲ್ಲಿಯವರೆಗೆ ಯಾವ ಖಂಡದಲ್ಲಿತ್ತೆಂದು ನೋಡಿಕೊಂಡು ಬಂದೆ. ಹೊರಗಿನಿಂದ ಬರಬೇಕಾಗಿದ್ದದ್ದು ಸೋಯಾ ಸಾಸ್ ಒಂದೇ. ಗೋಬಿ ಮಂಚೂರಿ ಗಾಡಿಯವನ ಎಡಗೈಯಲ್ಲಿ ಸದಾ ತಲೆಕೆಳಗಾಗಿರುವ ಆ ಕರೀ ಬಾಟಲಿ ಇಂದಿರಾನಗರದ ಅಂಗಡಿಯಲ್ಲಿ ಚೀನೀ ಅಕ್ಷರ ಧರಿಸಿ ಗಾಜಿನ ಕಪಾಟಿನೊಳಗೆ ನಿಂತಿತ್ತು. ಅಂಗಡಿಯ ಹುಡುಗಿ ನಾನು ಏಷ್ಯನ್ ಅಡುಗೆಗೆ ಹೊಸಬನೇ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಹುಟ್ಟಿದಾಗಿನಿಂದ ಅಭ್ಯಾಸ ಮಾಡುತ್ತಿದ್ದೇನೆ ಎಂದೆ. ಅವಳು ನನ್ನನ್ನು ಮೆಚ್ಚಿಕೊಂಡಳು.

ಮಾಂಸಕ್ಕೆ ಶಿವಾಜಿನಗರ. ನಮ್ಮ ಅಪ್ಪನ ಕಾಲದಿಂದ ನಮಗೆ ಕೊಡುತ್ತಿರುವ ಅಂಗಡಿಯವರನ್ನು ನಾನು ಬಹಳ ನಾಜೂಕಾಗಿ ಸ್ಟೇಕ್ ಇದೆಯೇ ಎಂದು ಕೇಳಿದೆ. ಅವರು ನನ್ನ ಮುಖವನ್ನು ಕೊಂಚ ಹೊತ್ತು ನೋಡಿ, ಮನೆಯಲ್ಲಿ ಎಲ್ಲರೂ ಆರೋಗ್ಯವೇ ಎಂದು ವಿಚಾರಿಸಿ, ಎಂದಿನಂತೆ ಅಂಡರ್‌ಕಟ್ ಕೊಟ್ಟರು. ಬೆನ್ನಿನ ಒಳಭಾಗದ ಮೆತ್ತನೆಯ ಉದ್ದ ತುಂಡಿಗೆ ದಂಡು ಪ್ರದೇಶದಲ್ಲಿ ದೊರೆಗಳ ಕಾಲದಿಂದಲೂ ಇರುವ ಹೆಸರು ಅದು. ಅಷ್ಟು ಮೆತ್ತನೆಯದೂ ಈಗ ಮೆತ್ತಗಿಲ್ಲ. ವಯಸ್ಸಾದ ಎಮ್ಮೆಯನ್ನು ಮಾತ್ರ ಕಾನೂನು ನಮ್ಮ ಪಾಲಿಗೆ ಬಿಟ್ಟಿರುವುದರಿಂದ, ಆ ತುಂಡಿಗೂ ನನಗೂ ಸೇವಾವಧಿಯಲ್ಲಿ ಹೆಚ್ಚು ಅಂತರವಿರಲಿಲ್ಲ. ಎರಡೆರಡು ನಿಮಿಷ ಎರಡು ಮಗ್ಗುಲು ಸುಟ್ಟರೆ ಬೆಣ್ಣೆಯಾಗುತ್ತದೆ ಎಂದು ಗಡ್ಡದ ಯುವಕ ಹೇಳಿದ್ದನ್ನು ರತ್ನ ಹಿಂದೆ ನಿಂತು ಕೇಳಿಸಿಕೊಂಡಳು. ಹೋಗಿ, ಮಾಂಸ ಮೆತ್ತಗಾಗಲೆಂದು ಹಸಿ ಪರಂಗಿಕಾಯಿ ತುರಿದು ತಂದು ಮಸಾಲೆಗೆ ಸುರಿದಳು. ಆ ಕ್ಷಣದಲ್ಲಿ ಏಷ್ಯಾ ಸ್ವಲ್ಪ ದೊಡ್ಡದಾಯಿತು.

ನನ್ನ ಕೊಡುಗೆ ಎರಡು. ಮುಕ್ಕಾಲು ಅಂಗುಲ ದಪ್ಪ ಇರಬೇಕೆಂದಿದ್ದರಿಂದ ಕಾರ್ಖಾನೆಯ ಕಾಲದ ವರ್ನಿಯರ್ ಅಳತೆಗೋಲು ತಂದು ಪ್ರತಿ ತುಂಡನ್ನೂ ಅಳೆದೆ. ಅಳೆಯುವಾಗ ಅಂಚಿನಲ್ಲಿ ಒಂದು ತುಂಡು ಕೂದಲೆಳೆಯಷ್ಟು ಹೆಚ್ಚಿದ್ದುದರಿಂದ ಅಭ್ಯಾಸಬಲದಿಂದ ತಳ್ಳಿಹಾಕಿದೆ, ರತ್ನ ಅದನ್ನು ಹೆಕ್ಕಿ ಮತ್ತೆ ಬಟ್ಟಲಿಗೆ ಹಾಕಿದಳು. ಎರಡನೆಯದಾಗಿ, ವಿಡಿಯೋದಲ್ಲಿ ಆಸಾಮಿ ಉಪ್ಪು ಹಾಕುವುದನ್ನೇ ಮರೆತಿದ್ದನ್ನು ಗಮನಿಸಿ, ಅವನ ಪರವಾಗಿ ಒಂದು ಹಿಡಿ ನಾನೇ ಹಾಕಿದೆ. ಸೋಯಾ ಸಾಸ್ ಎಂಬುದು ದ್ರವರೂಪ ತಾಳಿದ ಉಪ್ಪೇ ಎಂಬ ಸಂಗತಿ ನನಗೆ ತಿಳಿದದ್ದು ನಾಲಗೆಯ ಮೇಲೆ. ಹಾಗಾಗಿ ಯುವಕ ಎಲ್ಲಿಯೂ ಹೇಳದ ಅನ್ನವನ್ನು, ಹೇರಳವಾಗಿ, ಪಕ್ಕದ ಒಲೆಯ ಮೇಲೆ ಏರಿಸಬೇಕಾಯಿತು.

ಅನ್ನ ಬೇಯುತ್ತಿರುವಾಗ ನಾನು ರತ್ನಳ ಮುಂದೆ ಒಂದು ಸಂಧಾನ ಸೂತ್ರವನ್ನಿಟ್ಟೆ. ಆತ ಹೇಗಿದ್ದರೂ ಸ್ಟೇಕು ಎಂದುಕೊಂಡು ಬರುತ್ತಾನೆ. ನಾವೂ ಸ್ಟೇಕು ಎಂದು ಬಡಿಸೋಣ. ಆತ ಉಂಡ ಹಾಗೂ ಆಯಿತು, ನೀನು ಗೆದ್ದ ಹಾಗೂ ಆಯಿತು, ಹೆಸರಿನ ವಿಚಾರ ಎತ್ತುವುದು ಬೇಡ. ಇಂಥ ಜಾಣತನ ನನಗೆ ವರ್ಷಕ್ಕೊಮ್ಮೆ ಹೊಳೆಯುತ್ತದೆ. ರತ್ನ ಸೌಟು ಕೆಳಗಿಟ್ಟಳು.

"ಹೆಸರು ಮುಚ್ಚಿಟ್ಟು ತಿನ್ನಿಸಿದ್ರೆ ಅವರು ನಮ್ಮನೇಲಿ ಉಂಡಂಗಾಗಲ್ಲ ರೀ. ಮೋಸ ಹೋದಂಗಾಗುತ್ತೆ. ನಂಗೆ ಬೇಕಾಗಿರೋದು ಅದಲ್ಲ."

'ಅದಲ್ಲ' ಎಂಬ ಮಾತಿನ ಶ್ಲೇಷೆ ಅವಳ ಗಮನಕ್ಕೆ ಬರಲಿಲ್ಲ. ನಾನು ಎತ್ತಿ ತೋರಿಸುವ ಧೈರ್ಯ ಮಾಡಲಿಲ್ಲ.

ಸಂಜೆ ಮುನಿಕೃಷ್ಣ ಬಿಳಿಯ ಅಂಗಿ ತೊಟ್ಟು ಬಂದ. ಕೈಯಲ್ಲಿ ಒಂದು ಚಿಪ್ಪು ಬಾಳೆಹಣ್ಣು. ನೋಡಿದವರಿಗೆ ಅದು ಶಿಷ್ಟಾಚಾರ, ಬಲ್ಲವರಿಗೆ ಮುಂಜಾಗ್ರತೆ. ಬೌದ್ಧರು ಮಾಂಸ ತಿನ್ನಬಹುದಾ ಗುರು ಎಂದು ಗೋಡೆಯ ಬುದ್ಧನನ್ನು ನೋಡುತ್ತ ಅವನು ಎಂದಿನಂತೆ ಕಾಳಜಿ ವ್ಯಕ್ತಪಡಿಸಿದ. ಏಷ್ಯಾ ಪೂರ್ತಿ ತಿನ್ನುತ್ತಾರೆ, ಅವರ ಸ್ಟೈಲನ್ನೇ ನೀನು ಮೊನ್ನೆ ಕಲ್ಲಿನ ಮೇಲೆ ತಿಂದದ್ದು ಎಂದು ನಾನೂ ಎಂದಿಗಿಂತ ತುಸು ಹೆಚ್ಚಾಗಿಯೇ ಸಮಾಧಾನ ಹೇಳಿದೆ. ಹೆಂಚು ಕಾದಿತ್ತು. ತುಂಡುಗಳು ಚೊಯ್ಯೆಂದು ಬಿದ್ದು ಅತ್ತಿತ್ತ ಮಗ್ಗುಲಾಗಿ, ಪಕ್ಕಕ್ಕೆ ಸರಿದು ವಿಶ್ರಾಂತಿ ಪಡೆದವು. ಅದೇ ಹೆಂಚಿಗೆ ಹುರುಳಿಕಾಯಿ, ಕ್ಯಾರೆಟ್ಟು, ದಪ್ಪ ಮೆಣಸಿನಕಾಯಿ, ಬ್ರೊಕೊಲಿ ಎಂಬ ಹಸುರು ಹೂಕೋಸು ಎಲ್ಲವೂ ಹೋದವು. ಮೇಲೆ ಬಟ್ಟಲಲ್ಲಿ ಉಳಿದ ಮಸಾಲೆ ನೀರು ಸುರಿದು ಕುದಿಸಿದಾಗ ಅದು ಗಟ್ಟಿಯಾಗಿ, ಮಾಂಸದಿಂದ ಇಳಿದದ್ದನ್ನೆಲ್ಲ ಬಳಿದುಕೊಂಡು, ಜೇನಿನಂತೆ ತರಕಾರಿಗೂ ಮತ್ತೆ ಬಂದು ಸೇರಿದ ತುಂಡುಗಳಿಗೂ ಅಂಟಿಕೊಂಡಿತು. ಆ ವಾಸನೆ ಹೋಗಲು ದಾರಿಯಿರಲೆಂದೋ ಏನೋ ರತ್ನ ಅವತ್ತು ಕಿಟಕಿ ಹಾಕಿರಲಿಲ್ಲ.

ಅವನ ಮುಂದೆ ತಟ್ಟೆ ಇಟ್ಟು, ಅನ್ನ ಬಡಿಸಿ, ಮಾಂಸದ ಬಟ್ಟಲು ಕೈಯಲ್ಲಿ ಹಿಡಿದು ಅವಳು ನಿಂತಳು. ನಾನು ನೀರಿನ ಲೋಟವನ್ನು ಅದರ ಆಳ ಅಳೆಯುವವನಂತೆ ನೋಡುತ್ತ ಕುಳಿತೆ.

"ಅಣ್ಣ, ಇದು ದೊಡ್ಡ ಮಾಂಸ. ಎಮ್ಮೇದು. ಇಂದಿರಾನಗರದಲ್ಲಿ ನೀವು ತಿಂದಿದ್ದೂ ಇದೇನೆ. ಗೊತ್ತಿದ್ದು ತಿನ್ನೋದಾದ್ರೆ ಬಡಿಸ್ತೀನಿ."

ಹಲಸೂರಿನ ಆ ಮನೆಯಲ್ಲಿ, ನನಗೆ ತಿಳಿದ ಮಟ್ಟಿಗೆ, ಆ ವಸ್ತುವಿನ ಹೆಸರನ್ನು ಹೊರಗಿನವರೊಬ್ಬರ ಮುಂದೆ ಹೀಗೆ ಬಿಡಿಸಿ ಹೇಳಿದ್ದು ಅದೇ ಮೊದಲು. ಮುನಿಕೃಷ್ಣ ಗೋಡೆಯ ಕ್ಯಾಲೆಂಡರಿನತ್ತ ನೋಡಿದ. ಅಮಾವಾಸ್ಯೆ ಇರಲಿಲ್ಲ, ಏಕಾದಶಿ ಇರಲಿಲ್ಲ, ಒಂದು ಚಿಕ್ಕ ಸಂಕಷ್ಟಿಯೂ ಅವನ ಸಂಕಷ್ಟಕ್ಕೆ ಒದಗಲಿಲ್ಲ. ಅವನ ಕಣ್ಣು ಬಾಳೆಹಣ್ಣಿನವರೆಗೆ ಹೋಗಿ, ಅಲ್ಲಿ ಸ್ವಲ್ಪ ನಿಂತು, ನನ್ನ ಮುಖಕ್ಕೆ ಬಂತು. ನಾನು ಸಹಾಯ ಮಾಡಲಿಲ್ಲ. ಮಾಡಬಾರದೆಂಬ ತತ್ತ್ವದಿಂದಲ್ಲ, ಏನು ಮಾಡಬೇಕೆಂದು ತಿಳಿಯಲಿಲ್ಲ. ಕಡೆಗೆ ಅವನು ಬಹಳ ತಗ್ಗಿದ ದನಿಯಲ್ಲಿ ಹೇಳಿದ.

"ಪೀಸ್ ಬೇಡ ಕಣಮ್ಮ. ತರಕಾರಿ ಹಾಕು. ರಸ ಹಾಕು."

ಪ್ರಿಯ ಓದುಗರೇ, ಇದನ್ನು ನೀವು ಕೇಳಿಯೇ ಇರುತ್ತೀರಿ. ಪೀಸ್ ಬೇಡ, ರಸ ಹಾಕಿ: ಈ ಊರಿನ ಒಂದು ದೊಡ್ಡ ಪಂಥದ ಬೀಜಮಂತ್ರವಿದು. ಮಿಲಿಟರಿ ಹೋಟೆಲಿನಲ್ಲಿ ಶನಿವಾರ ಬರೀ ಸಾರು ಹಾಕಿಸಿಕೊಳ್ಳುವವರು, ಬಿರಿಯಾನಿಯಲ್ಲಿ ತುಂಡು ತೆಗೆದು ಅದನ್ನು ಖುಷ್ಕ ಎಂದು ಕರೆದು ಖುಷಿಪಡುವವರು, ಮದುವೆ ಮನೆಯಲ್ಲಿ ಮೊಟ್ಟೆ ಪಕ್ಕಕ್ಕಿಟ್ಟು ಗೊಜ್ಜು ಬಳಿಯುವವರು ಎಲ್ಲರೂ ಇದರ ಅನುಯಾಯಿಗಳು. ಪಾಪವೆಂಬುದು ಘನಪದಾರ್ಥದಲ್ಲಿ ಮಾತ್ರ ವಾಸಿಸುತ್ತದೆ, ದ್ರವದಲ್ಲಿ ಕರಗುವುದಿಲ್ಲ ಎಂಬುದು ಇವರ ರಸಾಯನಶಾಸ್ತ್ರ. ರಸವೇ ಕಾವ್ಯದ ಆತ್ಮ ಎಂದ ಆಲಂಕಾರಿಕರು ಇವರನ್ನು ಕಂಡಿದ್ದರೆ, ದೇಹವನ್ನು ಬಿಟ್ಟು ಆತ್ಮವನ್ನಷ್ಟೇ ಬಡಿಸಿಕೊಳ್ಳುವ ಇವರ ವೈರಾಗ್ಯಕ್ಕೆ ಬೆರಗಾಗುತ್ತಿದ್ದರು. ತಿರಸ್ಕಾರ ನನಗೆ ಸುಲಭವಾಗಿ ಬರುವ ಭಾವ. ಅವತ್ತು ಅದು ಉಕ್ಕಿ ಬಂತು. ಕತ್ತಲಲ್ಲಿ ಕಲ್ಲಿನ ಮೇಲಿಂದ ಬಾಚಿ ತಿಂದವನು ನಮ್ಮ ಮನೆಯ ಬೆಳಕಿನಲ್ಲಿ ಹುರುಳಿಕಾಯಿಯ ಹಿಂದೆ ಅಡಗಿಕೊಂಡನಲ್ಲ ಎಂದು.

ಅಷ್ಟರಲ್ಲಿ ರತ್ನ ಬಡಿಸಿಯಾಗಿತ್ತು. ತರಕಾರಿ ಹಾಕಿದಳು, ರಸ ಹಾಕಿದಳು, ತುಂಡೊಂದೂ ಜಾರದಂತೆ ಬಟ್ಟಲನ್ನು ಓರೆ ಹಿಡಿದು ಜೋಪಾನವಾಗಿ ಹಾಕಿದಳು. ಅವನು ಕಲಸಿದ. ಮೊದಲ ತುತ್ತನ್ನು ಬಾಯಿಗಿಡುವ ಮುಂಚೆ ಒಂದು ಗಳಿಗೆ ಕೈ ನಿಂತಿತು. ಲೇತಿನ ಮೇಲೆ ಕೊನೆಯ ಸುತ್ತು ಬಿಡುವಾಗ ಹೀಗೆಯೇ ನಿಲ್ಲುತ್ತಿದ್ದದ್ದು ನೆನಪಿಗೆ ಬಂತು. ಆಮೇಲೆ ಉಂಡ. ಉಪ್ಪು ಮುಂದಾಗಿದೆ ಗುರು ಎಂದ. ನಾನು ತಲೆದೂಗಿದೆ. ಇನ್ನಷ್ಟು ಅನ್ನ ಕೇಳಿದ, ಅನ್ನಕ್ಕೆ ರಸ ಕೇಳಿದ, ರಸಕ್ಕೆ ಮತ್ತೆ ಅನ್ನ. ಬ್ರೊಕೊಲಿಯನ್ನು ಮಾತ್ರ, ಅದರಲ್ಲಿ ಯಾವ ದೋಷವಿತ್ತೋ, ಪಕ್ಕಕ್ಕಿಟ್ಟ.

ಕಾರ್ಖಾನೆಯಲ್ಲಿ ನಮಗೆ ತುಣುಕುಗಳನ್ನು ಅಳೆದ ಮೇಲೆ ಮೂರು ಮುದ್ರೆಗಳಿದ್ದವು: ಸರಿ, ತಿರಸ್ಕೃತ, ಇನ್ನೊಮ್ಮೆ ಕೆಲಸ ಮಾಡಬೇಕಾದದ್ದು. ರತ್ನ ಯಾವುದನ್ನು ಒತ್ತುತ್ತಾಳೋ ಎಂದು ನಾನು ಅವಳ ಮುಖ ನೋಡುತ್ತಿದ್ದೆ. ಅಲ್ಲಿ ಏನೂ ಓದಲಾಗಲಿಲ್ಲ. ಊಟ ಮುಗಿಸಿ ಮುನಿಕೃಷ್ಣ ತಟ್ಟೆ ಎತ್ತಿಕೊಂಡು ನಲ್ಲಿಯ ಕಡೆ ಹೊರಟ. ಹಿಂದೆ ಅವನ ಮನೆಯ ಹಿತ್ತಿಲಲ್ಲಿ ನಮ್ಮಂಥವರು ಉಂಡ ತಟ್ಟೆಯನ್ನು ತಾವೇ ತೊಳೆದು ಬೋರಲು ಹಾಕುವುದನ್ನು ನೋಡಿ ಬೆಳೆದವನು. ಒಬ್ಬರ ಮನೆಯಲ್ಲಿ ಉಂಡ ಋಣದ ರೀತಿ ಹೀಗೇ ಎಂದು ಅವನಿಗೆ ಅನಿಸಿರಬೇಕು. ರತ್ನ ಅಡ್ಡ ಬಂದು ಅವನ ಕೈಯಿಂದ ತಟ್ಟೆ ತೆಗೆದುಕೊಂಡಳು.

"ಬಿಡಿ ಅಣ್ಣ. ನಮ್ಮನೇಲಿ ಉಂಡೋರ ಕೈಲಿ ತಟ್ಟೆ ತೊಳಸಲ್ಲ."

ಅವನು ಅಲ್ಲೇ ನಿಂತ. ಕೈ ಒದ್ದೆಯಿರಲಿಲ್ಲ, ಆದರೂ ಪಂಚೆಗೆ ಒರೆಸಿಕೊಂಡ. ಮುಂದಿನ ಭಾನುವಾರವೂ ಬರ್ತೀನಮ್ಮ, ಉಪ್ಪು ನೀನೇ ಹಾಕು ಎಂದ. ಅವಳು ಆಗಲಿ ಎನ್ನಲಿಲ್ಲ, ಬೇಡವೆಂದೂ ಅನ್ನಲಿಲ್ಲ. ಪೀಸು ಇದ್ದೇ ಇರುತ್ತೆ ಅಣ್ಣ, ಎಂದಳು. ಅವನನ್ನು ಮೆಟ್ರೋವರೆಗೆ ಬಿಟ್ಟು ಬಂದು ನಾನು ಅಡುಗೆಮನೆಯಲ್ಲಿ ಪಾತ್ರೆಗಳನ್ನು ನೋಡಿದೆ. ಮಾಂಸ ಉಳಿದಿತ್ತು. ರಸ ಉಳಿದಿರಲಿಲ್ಲ.